ಗುದ್ದಲಿ ಹಾಕೋ ಮೊದಲು ಸ್ವಲ್ಪ ಕೇಳಿ

ನಮ್ಮ ದಾವಣಗೆರೆಯಲ್ಲಿ ಬೋರ್ ಹಾಕಿಸುವವರು ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ವಾಸ್ತು ಕೇಳುತ್ತಾರೆ, ಗುದ್ದಲಿ ಪೂಜೆಗೆ ಒಳ್ಳೆ ದಿನ ನೋಡಿಸುತ್ತಾರೆ. ನೋಡಿಸಲಿ, ನನ್ನ ತಕರಾರಿಲ್ಲ. ಆದರೆ ಅದೇ ನೆಲದೊಳಗೆ ಕರೆಂಟ್ ಕೇಬಲ್ ಎಲ್ಲಿದೆ, ಯುಜಿಡಿ, ಅಂದರೆ ಒಳಚರಂಡಿ ಪೈಪು, ಎಲ್ಲಿ ಹೋಗಿದೆ ಅಂತ ಯಾರೂ ಕೇಳಲ್ವಲ್ಲ, ಅದೇ ನನಗೆ ಸಂಕಟ.

ಮೊದಲು ತಂತಿ ಕಂಬದ ಮೇಲಿತ್ತು, ಕಣ್ಣಿಗೆ ಕಾಣುತ್ತಿತ್ತು. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಮೊದಲ ಪಟ್ಟಿಗೆ ಸೇರಿತು. ಈಗ ಎಷ್ಟೋ ಕಡೆ ಕರೆಂಟು, ಇಂಟರ್ನೆಟ್ಟು, ನೀರು, ಗ್ಯಾಸು ಎಲ್ಲಾ ನಮ್ಮ ಗೇಟಿನ ಮುಂದೆ ಮಣ್ಣಿನಡಿ ಹಾದು ಹೋಗುತ್ತವೆ.

ಮೊನ್ನೆ ವಿದ್ಯಾನಗರದಲ್ಲಿ ಒಂದು ಮನೆ ಗೇಟಿನ ಹತ್ತಿರ ಸಂಪ್‌ಗೆ ಗುಂಡಿ ತೋಡುತ್ತಿದ್ದರು. ಕೂಲಿ ಹುಡುಗ ಬರಿಗಾಲಲ್ಲಿದ್ದ, ಕೈಯಲ್ಲಿ ಕಬ್ಬಿಣದ ಹಾರೆ. ಎರಡಡಿ ಆಳದಲ್ಲಿ ಸಾಲಾಗಿ ಇಟ್ಟಿಗೆ ಸಿಕ್ಕವು, ಅದರ ಕೆಳಗೆ ಮರಳು. ಮೇಸ್ತ್ರಿ "ಹಳೇ ಪಾಯ ಇರಬೇಕು, ಎಬ್ಬಿಸೋ" ಅಂದರು. "ಅಣ್ಣಾ, ನಿಲ್ಲಿಸಿ, ಅದು ಕೇಬಲ್ ಮೇಲೆ ಹೊದಿಸಿರೋ ಇಟ್ಟಿಗೆ" ಅಂದೆ. ಕೈಯಲ್ಲಿ ಮರಳು ಸರಿಸಿದರೆ ಕಪ್ಪು ಕೇಬಲ್ ಇತ್ತು, ಹೆಬ್ಬೆರಳಿಗಿಂತ ದಪ್ಪ. ಹಾರೆ ಇನ್ನೊಂದು ಸಲ ಬಿದ್ದಿದ್ದರೆ ಆ ಹುಡುಗನ ಗತಿ ಏನು?

ಸಾಲು ಇಟ್ಟಿಗೆ, ಹೊರಗಿನಿಂದ ತಂದು ತುಂಬಿದ ಮರಳು, ಬಣ್ಣದ ಎಚ್ಚರಿಕೆ ಟೇಪ್, ಇವು ಕಂಡರೆ ಅಲ್ಲೇ ನಿಲ್ಲಿಸಿ. ಮನೆಗಳಿಗೆ ಬರುವ ಲೈನು ಎರಡೂವರೆ ಅಡಿ, 11 ಕೆವಿಯ ಹೈವೋಲ್ಟೇಜ್ ಲೈನು ಮೂರು ಅಡಿ ಆಳದಲ್ಲಿರಬೇಕು ಅನ್ನುವುದು ನಿಯಮ. ರಸ್ತೆ ಅಗೆದು, ಕೆರೆದು, ಚರಂಡಿ ಮಾಡಿದ ಮೇಲೆ ಆ ಲೆಕ್ಕ ನಂಬಬೇಡಿ.

ಇನ್ನೊಂದು ಕೆಟ್ಟ ರೂಢಿ ಇದೆ. ಕೇಬಲ್‌ಗೆ ಸಣ್ಣ ಗಾಯ ಆದರೆ, ಕರೆಂಟ್ ಹೋಗಲಿಲ್ಲ ಅಂತ ಸುಮ್ನೆ ಮಣ್ಣು ಮುಚ್ಚಿಬಿಡುತ್ತಾರೆ. ಮಳೆಗಾಲದಲ್ಲಿ ಆ ಗಾಯದೊಳಗೆ ನೀರು ಇಳಿದು ಕೇಬಲ್ ಸಿಡಿಯುತ್ತದೆ. ಅಷ್ಟೊತ್ತಿಗೆ ಪಕ್ಕದಲ್ಲಿ ಯಾರ ಮಗು ಆಡುತ್ತಿರುತ್ತದೋ! ದಂಡಕ್ಕೆ ಹೆದರಿ ಮುಚ್ಚಬೇಡಿ, ಕರೆಂಟ್ ಕಂಪನಿ ಬೆಸ್ಕಾಂನವರಿಗೆ ಹೇಳಿಬಿಡಿ.

ಜೆಸಿಬಿ ಕೇಬಲ್‌ಗೆ ತಾಗಿದರೆ ಡ್ರೈವರ್ ಕೆಳಗಿಳಿಯಬಾರದು, ಹೊರಗಿದ್ದವರು ಗಾಡಿ ಮುಟ್ಟಬಾರದು. ಗ್ಯಾಸ್ ಪೈಪ್ ಒಡೆದು ವಾಸನೆ ಬಂದರೆ ಅಲ್ಲಿ ಸ್ವಿಚ್ ಒತ್ತಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ, ಮಣ್ಣೂ ಮುಚ್ಚಬೇಡಿ. ಮುಚ್ಚಿದರೆ ಗ್ಯಾಸ್ ಮಣ್ಣೊಳಗೇ ಹರಿದು ಪಕ್ಕದ ಮನೆ ಸೇರಬಹುದು. ಎಲ್ಲರನ್ನೂ ದೂರ ಕರೆದೊಯ್ದು ಅಲ್ಲಿಂದ 112ಕ್ಕೆ ಫೋನ್ ಮಾಡಿ.

ಇದನ್ನೆಲ್ಲ ದಿನಗೂಲಿ ಹುಡುಗ ವಿಚಾರಿಸಿಕೊಂಡು ಬರಲಿಕ್ಕಾಗಲ್ಲ, ಅಲ್ವಾ? ಮನೆ ಮಾಲೀಕರೇ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ನಿಮ್ಮ ಏರಿಯಾದ ಲೈನ್‌ಮನ್ ಕರೆಸಿ ಜಾಗ ತೋರಿಸಿ. ನೀರಿನ ಪೈಪ್ ದಾರಿ ನಿಮ್ಮ ವಾರ್ಡಿಗೆ ನೀರು ಬಿಡುವ ವಾಲ್‌ಮನ್‌ಗೆ ಗೊತ್ತಿರುತ್ತದೆ. ಅವರಿಬ್ಬರೂ ಬಂದು ನೋಡುವ ತನಕ ಕೆಲಸದವರ ಕೈಗೆ ಹಾರೆ ಕೊಡಬೇಡಿ.