ಹಾಫ್ ಮೂನ್ ಬೀಚಿಗೆ ರಸ್ತೆ ಬೇಡ

ಗೋಕರ್ಣಕ್ಕೆ ಹೋಗಿ ಬಂದವರ ಒಂದು ಮಾತು ನನಗೆ ಬಾಯಿಪಾಠ ಆಗಿಬಿಟ್ಟಿದೆ. "ಹಾಫ್ ಮೂನ್‌ಗೆ ಗಾಡಿ ಹೋಗಲ್ವಂತೆ. ಒಂದು ರಸ್ತೆ ಮಾಡಿದ್ರೆ ಎಷ್ಟು ಜನ ಬರ್ತಿದ್ರು!" ಮೊನ್ನೆ ಚಿಕ್ಕಪ್ಪನೂ ಇದನ್ನೇ ಹೇಳಿದರು. ಊಟದ ಹೊತ್ತು, ಸುಮ್ನೆ ಇದ್ದೆ. ಈಗ ಹೇಳುತ್ತೇನೆ. ಆ ಗುಡ್ಡಕ್ಕೆ ರಸ್ತೆ ಬೇಡ ಚಿಕ್ಕಪ್ಪ.

ಊರಿನ ದೊಡ್ಡ ಬೀಚು ಮಹಾಬಲೇಶ್ವರ ದೇವಸ್ಥಾನದ ಹತ್ತಿರವೇ ಇದೆ. ಯಾತ್ರಿಕರು ಅಲ್ಲಿ ಸಮುದ್ರಸ್ನಾನ ಮಾಡಿ ದರ್ಶನಕ್ಕೆ ಹೋಗುತ್ತಾರೆ. ದಕ್ಷಿಣದ ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ಓಂ ಬೀಚಿನ ಮೇಲಿನವರೆಗೂ ಗಾಡಿ ಬರುತ್ತದೆ. ಅಲ್ಲಿಂದ ಹಾಫ್ ಮೂನ್‌ಗೆ ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು.

ನಡೆದರೆ ಅರ್ಧ ಗಂಟೆ. ಕಾಲಡಿಗೆ ತೂತು ತೂತಿನ ಕೆಂಪು ಚಿರೆಕಲ್ಲು, ಪಕ್ಕದಲ್ಲಿ ಮುಳ್ಳುಪೊದೆ. ಕೆಲವು ಕಡೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ಎಡಕ್ಕೆ ಗುಡ್ಡ, ಬಲಕ್ಕೆ ಸೀದಾ ಕೆಳಗೆ ಬಂಡೆ, ಬಂಡೆಗೆ ಅಪ್ಪಳಿಸುವ ನೀರು. ಒಂದು ತಿರುವು ದಾಟಿದ ಕೂಡಲೇ ಕೆಳಗೆ ಬಿಳಿ ನೊರೆಯ ಗೆರೆ, ಅದರ ಒಳಗೆ ಬಾಗಿದ ಚಿಕ್ಕ ಮರಳಿನ ತುಂಡು. ಅಷ್ಟೇ ಬೀಚು. ನೂರು ಗಾಡಿಯ ಜನ ಒಟ್ಟಿಗೆ ಇಳಿದರೆ ನಿಲ್ಲೋಕೂ ಜಾಗ ಸಾಲದು. ಬಂದವರ ಜೊತೆ ಬರುವ ಬಾಟಲಿ, ಚೀಲ ಎಲ್ಲ ಎಲ್ಲಿಗೆ ಹೋಗಬೇಕು? ಈಗ ಹೊತ್ತು ತಂದಷ್ಟೇ ಬರುತ್ತದೆ, ಅದೇ ಜಾಸ್ತಿ ಆಗಿದೆ.

ವಯಸ್ಸಾದವರು, ಮಂಡಿನೋವು ಇರುವವರು ಏನು ಮಾಡಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಅಮ್ಮನಿಗೂ ಆ ದಾರಿ ಆಗುವುದಿಲ್ಲ. ಅವರಿಗೆ ದೊಡ್ಡ ಬೀಚಿನಲ್ಲಿ ಒಳ್ಳೆಯ ಶೌಚಾಲಯ, ಕೂರೋಕೆ ನೆರಳು, ಮರಳಿನವರೆಗೂ ಗಾಲಿಕುರ್ಚಿ ಹೋಗುವ ದಾರಿ ಬೇಕು. ರಸ್ತೆಗೆ ಹಾಕುವ ದುಡ್ಡನ್ನು ಅಲ್ಲಿ ಹಾಕಿ.

ಇನ್ನೊಂದು ವಿಷಯ ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. 2024ರ ಜುಲೈ 16ರಂದು, ನಮ್ಮ ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜೋರು ಮಳೆಗೆ ಕುಸಿಯಿತು. ಮಣ್ಣೆಲ್ಲ ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ಜನ ಸತ್ತರು. ಆ ಗಂಗಾವಳಿ ಸಮುದ್ರ ಸೇರುವುದು ಗೋಕರ್ಣದ ಉತ್ತರಕ್ಕೇ. ಇಷ್ಟು ಹತ್ತಿರದಲ್ಲಿ ಇದನ್ನು ನೋಡಿಯೂ ಕಡಲ ಕಡೆಗೆ ಇಳಿಜಾರಾಗಿರುವ ಗುಡ್ಡಕ್ಕೆ ಜೆಸಿಬಿ ತರೋಣ ಅಂತೀವಲ್ಲ!

ಚಿಕ್ಕಪ್ಪ, ಡಿಸೆಂಬರಿನಲ್ಲಿ ಬನ್ನಿ. ಮಳೆಗಾಲದಲ್ಲಿ ಆ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಬೇಡವೇ ಬೇಡ. ಬೆಳಿಗ್ಗೆ ಏಳಕ್ಕೆ ಓಂ ಬೀಚಿನಿಂದ ಹೊರಡೋಣ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ನೀರಿನ ಬಾಟಲಿ ನಾನು ಹಿಡಿಯುತ್ತೇನೆ, ವಾಪಸ್ ತರುವಾಗಲೂ.