ಟರಂಟುಲಾ ಕಚ್ಚಿದ್ರ ಸಾಯ್ತಾರ ಅನ್ನೋ ಮೆಸೇಜ್ ಬಗ್ಗೆ ಸ್ಪಷ್ಟನೆ

ಗಂಗಾವತಿ, ಸಿಂಧನೂರು ಕಡೆ ವಾಟ್ಸಾಪ್‌ನಾಗ ಒಂದು ಮೆಸೇಜ್ ಓಡಾಡಾಕತ್ತೈತಿ, ಸಾಕಿದ ಟರಂಟುಲಾ ಜೇಡ ಕಚ್ಚಿದ್ರ ಹತ್ತು ನಿಮಿಷದಾಗ ಮನಷ್ಯಾ ಸಾಯ್ತಾನ ಅಂತ. ಸುಳ್ಳು ರೀ ಅದು. ಅದರ ಕಡಿತದಿಂದ ಮಂದಿ ಸತ್ತಿದ್ದು ಖಾತ್ರಿಯಾಗಿ ಎಲ್ಲೂ ದಾಖಲಾಗಿಲ್ಲ.

ಹಂಗಂತ ಕೈಮ್ಯಾಲ ಬಿಟ್ಕೊಂಡು ರೀಲ್ಸ್ ಮಾಡಾಕ ಹೋಗಬ್ಯಾಡ್ರಿ. ಅಮೆರಿಕಾ ಖಂಡದ ಬಹಳಷ್ಟು ಜಾತಿಗಳಿಗೆ ಹೊಟ್ಟಿ ಮ್ಯಾಲ ಸಣ್ಣ ಮುಳ್ಳುಗೂದಲು ಇರ್ತಾವ, ಹೆದರಿದ್ರ ಹಿಂಗಾಲಿಂದ ಕೆರದು ಗಾಳಿಗೆ ತೂರ್ತಾವ, ಚರ್ಮಕ್ಕ ತಾಗಿದ್ರ ತುರಿಕಿ ಅಷ್ಟ, ಟೇಪ್ ಅಂಟಿಸಿ ಕಿತ್ತು ತೆಗೀಬಹುದು, ಆದ್ರ ಕಣ್ಣಿಗೆ ಹೊಕ್ರ ಒಳಗ ಚುಚ್ಕೊಂಡು ತಿಂಗಳಗಟ್ಟಲೆ ಕಾಡಬಹುದು. ಉಜ್ಜಬ್ಯಾಡ್ರಿ, ನೀರಿಂದ ತೊಳದು ಸೀದಾ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ.

ನಮ್ಮ ದೇಶದ ಪೀಸಿಲೋಥೀರಿಯಾ ಅನ್ನೋ ಟರಂಟುಲಾ ಗುಂಪಿನವಕ್ಕ ಆ ಮುಳ್ಳುಗೂದಲಿಲ್ಲ, ಆದ್ರ ವಿಷ ಜೋರು, ಕಚ್ಚಿದ್ರ ದಿನಗಟ್ಟಲೆ ಸ್ನಾಯು ಹಿಡ್ಕೊಂಡು ಒದ್ದಾಡಸ್ತೈತಿ, ದವಾಖಾನಿಗೆ ಹೋಗಲೇಬೇಕು.

ಕೈಮ್ಯಾಲ ಬಿಟ್ಕೊಳ್ಳೋದು ಜೇಡಕ್ಕೂ ಅಪಾಯನ (ಇದನ್ನ ಯಾರೂ ಹೇಳೋದೇ ಇಲ್ಲ). ಎದಿ ಎತ್ತರದಿಂದ ಕೈ ಜಾರಿ ಬಿದ್ರ ಹೊಟ್ಟಿ ಒಡದು ಸತ್ತ ಹೋಗಬಹುದು. ಡಬ್ಬಿ ಕ್ಲೀನ್ ಮಾಡಾಕ ಉದ್ದನ್ನ ಚಿಮಟಾ, ಒಂದು ಪ್ಲಾಸ್ಟಿಕ್ ಕಪ್ ಸಾಕು, ಆಮ್ಯಾಲ ಕೈ ತೊಳ್ಕೊಳ್ಳೋ ತನಕ ಮಾರಿ ಮುಟ್ಟಬ್ಯಾಡ್ರಿ.