ಒಂದು ಸೈಕಲ್ ಸೀಟು, ಒಂದು ಆಮೆ

'ದಿ ಈವಿಲ್ ಡೆಡ್' ಅನ್ನುವ ಹಾರರ್ ಸಿನಿಮಾ ಮೊದಲ ಸಲ ನೋಡಿದ್ದು ಹಾಸ್ಟೆಲ್‌ನಲ್ಲಿ. ಒಂದೇ ಕಂಪ್ಯೂಟರ್, ಹತ್ತು ಹನ್ನೆರಡು ಜನ, ಜಾಗ ಸಿಕ್ಕಲ್ಲಿ ಕೂತಿದ್ದೆವು. ಕಾಪಿ ಎಷ್ಟು ಕೆಟ್ಟದಾಗಿತ್ತು ಅಂದರೆ ಕತ್ತಲೆ ಯಾವುದು, ಮರ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ಆದರೂ ಕಾಡಿನೊಳಗಿಂದ ಏನೋ ಒಂದು ನೆಲ ಸವರಿಕೊಂಡು, ಮರಗಳ ನಡುವೆ ನುಗ್ಗಿ, ಮನೆಯ ಕಡೆ ಓಡಿಬರುವ ಶಾಟ್ ಇದೆಯಲ್ಲ, ಅದು ಬಂದಾಗ ರೂಮಿನಲ್ಲಿ ಒಂದು ಸದ್ದಿರಲಿಲ್ಲ.

ಅದನ್ನು ತೆಗೆದದ್ದು ಹೇಗೆ ಅಂತ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಯನ್ನು ಇಬ್ಬರು ಹಿಡಿದುಕೊಂಡು ಕಾಡಲ್ಲಿ ಓಡಿದ್ದಾರೆ. ಅಷ್ಟೇ. 1979ರ ಚಳಿಗಾಲ, ಅಮೆರಿಕದ ಟೆನೆಸಿಯ ಒಂದು ಪಾಳು ಮನೆ, ನಿರ್ದೇಶಕ ಸ್ಯಾಮ್ ರೈಮಿಗೆ ಆಗ ಇಪ್ಪತ್ತು ವರ್ಷ. ಮೊದಲು ಒಂದು ಕಿರುಚಿತ್ರ ಮಾಡಿ, ಅದನ್ನು ಊರಿನ ವಕೀಲರಿಗೆ, ಹಲ್ಲಿನ ಡಾಕ್ಟರುಗಳಿಗೆ ತೋರಿಸಿ ದುಡ್ಡು ಕೂಡಿಸಿದ್ದರು.

ನನಗೆ ಇಂಥ ಸಿನಿಮಾ ಇಷ್ಟ ಆಗೋದು ಇದಕ್ಕೇ. ದುಡ್ಡಿಲ್ಲದವರ ಕೈಚಳಕ ಪರದೆಯ ಮೇಲೆ ಕಾಣುತ್ತದೆ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಕಪ್ಪು ಬಿಳುಪಿನದು, ಹಾಗಾಗಿ ಅದರಲ್ಲಿ ರಕ್ತ ಅಂದರೆ ಚಾಕೊಲೇಟ್ ಸಿರಪ್. ಪಿಟ್ಸ್‌ಬರ್ಗ್ ಕಡೆಯ ಗೆಳೆಯರ ಗುಂಪು ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ ಮಾಡಿದ ಚಿತ್ರ ಅದು. ಸತ್ತವರು ಎದ್ದು ಬರುವ ಜೊಂಬಿ ಸಿನಿಮಾಗಳು ಇವತ್ತು ಎಷ್ಟಿವೆಯೋ, ಎಲ್ಲದರ ಬೇರು ಅಲ್ಲಿದೆ. ಬದುಕುಳಿದ ನಾಯಕನನ್ನೇ ಜೊಂಬಿ ಅಂದುಕೊಂಡು ಗುಂಡಿಟ್ಟು ಕೊಲ್ಲುವ ಆ ಕೊನೆಯ ದೃಶ್ಯವನ್ನು ದೊಡ್ಡ ಸ್ಟುಡಿಯೊ ಆಗಿದ್ದರೆ ಹಾಗೇ ಬಿಡುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಕೇಳುವವರು ಯಾರೂ ಇಲ್ಲದಾಗ ಬರುವ ಧೈರ್ಯ ಅದು.

ಆದರೆ ಅದೇ ಧೈರ್ಯ ಎಲ್ಲೆಲ್ಲಿಗೋ ಹೋಗುತ್ತದೆ. ನಾನು ಈ ಬರಹ ಬರೆಯಲು ಕೂತಿದ್ದೇ ಅದಕ್ಕೆ.

ಇಟಲಿಯ ರುಜೆರೊ ದೆಯೊದಾಟೊ 1980ರಲ್ಲಿ 'ಕ್ಯಾನಿಬಲ್ ಹೋಲೊಕಾಸ್ಟ್' ಮಾಡಿದರು. ಅಮೆಜಾನ್ ಕಾಡಿಗೆ ಹೋದ ಚಿತ್ರತಂಡ ಕಾಣೆಯಾಗಿ, ಅವರ ರೀಲುಗಳು ಮಾತ್ರ ಸಿಗುವ ಕತೆ. ಅದರಲ್ಲಿ ಶೂಲಕ್ಕೇರಿಸಿದ ಹಾಗೆ, ಕಂಬ ಮೈ ತೂರಿ ಬಾಯಿಂದ ಹೊರಬಂದ ಹೆಂಗಸಿನ ದೃಶ್ಯವಿದೆ. ನೋಡಿದರೆ ಹೊಟ್ಟೆ ತೊಳಸುತ್ತದೆ. ನಟರನ್ನು ನಿಜವಾಗಿಯೇ ಕೊಂದಿದ್ದಾರೆ ಅನ್ನುವ ಅನುಮಾನ ಬಂದು, ಅವರು ಬದುಕಿದ್ದಾರೆ ಅಂತ ನಿರ್ದೇಶಕರು ಇಟಲಿಯ ಕೋರ್ಟಿನಲ್ಲಿ ತೋರಿಸಬೇಕಾಯಿತು, ಈ ದೃಶ್ಯ ಹೇಗೆ ಮಾಡಿದೆವು ಅಂತಲೂ ವಿವರಿಸಬೇಕಾಯಿತು. ಮಾಡಿದ್ದು ಹೇಗೆ ಗೊತ್ತಾ? ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು ಕೂರಿಸಿ, ಆಕೆಯನ್ನು ಅದರ ಮೇಲೆ ಕೂರಿಸಿ, ಬಾಯಿಗೆ ಹಗುರ ಮರದ ತುಂಡೊಂದನ್ನು ಕೊಟ್ಟಿದ್ದರು. ಎಂಥ ಕೆಲಸ ಅಲ್ವಾ?

ಅದೇ ಸಿನಿಮಾದಲ್ಲಿ ಒಂದು ದೊಡ್ಡ ಆಮೆಯನ್ನು ನೀರಿನಿಂದ ಎಳೆದು ತಂದು ಕೊಲ್ಲುತ್ತಾರೆ. ಅದು ನಿಜವಾದ ಆಮೆ, ನಿಜವಾದ ಸಾವು. ಕೋತಿ, ಹಂದಿ ಕೂಡ ಹಾಗೇ ಸತ್ತವು. ಸೈಕಲ್ ಸೀಟಿನಿಂದ ಕೋರ್ಟನ್ನೇ ನಡುಗಿಸಬಲ್ಲ ಮನುಷ್ಯನಿಗೆ ಒಂದು ಜೀವ ತೆಗೆಯುವ ಅಗತ್ಯ ಏನಿತ್ತು? ಅವರೇ ಮುಂದೆ ಅದಕ್ಕೆ ಪಶ್ಚಾತ್ತಾಪ ಪಟ್ಟರು. ಆ ಭಾಗವನ್ನು ನಾನು ಇನ್ನೊಮ್ಮೆ ನೋಡಲಾರೆ. ಅದರಲ್ಲಿ ಕಲೆ ಇಲ್ಲ, ಭಯವೂ ಇಲ್ಲ. ಸುಮ್ನೆ ಒಂದು ಪ್ರಾಣಿ ಒದ್ದಾಡುತ್ತದೆ, ಕ್ಯಾಮೆರಾ ನೋಡುತ್ತಾ ನಿಂತಿರುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೂ ಅಷ್ಟೆ. 1974ರ 'ಟೆಕ್ಸಸ್ ಚೈನ್ ಸಾ ಮ್ಯಾಸಕರ್' ನನಗೆ ತುಂಬಾ ಇಷ್ಟದ ಸಿನಿಮಾ. ನಕಲಿ ರಕ್ತ ಬರಬೇಕಾದ ಕೊಳವೆ ಕೈಕೊಟ್ಟಿತು ಅಂತ ಅದರಲ್ಲಿ ನಟಿ ಮರಿಲಿನ್ ಬರ್ನ್ಸ್ ಬೆರಳನ್ನು ನಿಜವಾಗಿಯೇ ಕೊಯ್ದಿದ್ದರು. ಇದನ್ನು ನಮ್ಮ ಕಡೆಯವರು, ಅಂದರೆ ಇಂಥ ಸಿನಿಮಾ ಪ್ರೀತಿಸುವವರು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಬಾರದು. ಬಜೆಟ್ ಕಡಿಮೆ ಇದ್ದಾಗ ಅದರ ಬೆಲೆಯನ್ನು ಯಾರದ್ದೋ ಮೈ ತೆರುತ್ತದೆ, ಜಾಸ್ತಿ ಸಲ ಅದು ಹೆಣ್ಣಿನ ಮೈ. ಕತೆಯಲ್ಲೂ ಹಾಗೇ. ಈವಿಲ್ ಡೆಡ್‌ನಲ್ಲಿ ಮರದ ಕೊಂಬೆಗಳು ಹುಡುಗಿಯ ಮೇಲೆ ಎರಗುವ ದೃಶ್ಯ ಬಂದಾಗ ಅವತ್ತು ಹಾಸ್ಟೆಲ್‌ನಲ್ಲಿ ಎಲ್ಲರೂ ಕೂಗಿದ್ದೆವು. ಅದು ಬೇಡವಾಗಿತ್ತು ಅಂತ ರೈಮಿಯೇ ಆಮೇಲೆ ಒಪ್ಪಿಕೊಂಡಿದ್ದಾರೆ. ನನಗೂ ಹಾಗೇ ಅನಿಸುತ್ತದೆ.

ಇನ್ನು ಕೆಲವರಿಗೆ ಇದು ಪಂದ್ಯ. ಯಾರು ಎಷ್ಟು ಕೆಟ್ಟದ್ದನ್ನು ಕಣ್ಣು ಮುಚ್ಚದೆ ನೋಡಿದರು ಅನ್ನೋದೇ ಲೆಕ್ಕ. ಅವರಿಗೋಸ್ಕರವೇ ಮಾಡಿದ ಸಿನಿಮಾಗಳೂ ಇವೆ. ಒಂದೂವರೆ ಗಂಟೆ ಹಿಂಸೆ, ಪಾತ್ರದ ಹೆಸರೂ ನೆನಪಿರಲ್ಲ. ಅವು ನನಗೆ ಬೋರು ಹೊಡೆಸುತ್ತವೆ. ಹಾಗಂತ ನಿಷೇಧ ಮಾಡಿ ಅಂತ ಹೇಳುತ್ತಿಲ್ಲ. ಬ್ರಿಟನ್ 1984ರಲ್ಲಿ ಇಂಥ ವಿಡಿಯೊ ಕ್ಯಾಸೆಟ್‌ಗಳನ್ನು ತಡೆಯೋಕೆ ಅಂತಲೇ ಕಾನೂನು ತಂದಿತು. ಕೈಗೆ ಸಿಗದಂತಾದ ಸಿನಿಮಾಗಳ ಪಟ್ಟಿಯನ್ನೇ ಹಿಡಿದು ಹುಡುಗರು ಅವನ್ನು ಹುಡುಕಿ ಹುಡುಕಿ ನೋಡಿದರು.

ಅಕ್ಕನ ಮಗ ಈಗ ಮೊಬೈಲ್‌ನಲ್ಲೇ ಒಂದು ದೆವ್ವದ ಕಿರುಚಿತ್ರ ಮಾಡುತ್ತಿದ್ದಾನೆ. ಕಳೆದ ವಾರ ಫೋನ್ ಮಾಡಿ, "ಮಾವ, ಕೋಳಿ ಅಂಗಡಿಯಿಂದ ರಕ್ತ ತರಲಾ? ನಿಜ ಅನ್ನಿಸುತ್ತೆ" ಅಂದ. ಬೇಡ ಕಣೋ ಅಂದೆ. ಸಕ್ಕರೆ ಪಾಕ ಕಾಯಿಸು, ಕೆಂಪು ಬಣ್ಣ ಹಾಕು, ಗಾಢ ಆಗೋಕೆ ಚೂರು ಕೋಕೋ ಪುಡಿ ಬೆರೆಸು ಅಂತ ಹೇಳಿಕೊಟ್ಟೆ. ಭಾನುವಾರ ಅವನ ಶೂಟಿಂಗ್. ಹಲಗೆ ಸಿಕ್ಕಿದೆಯಂತೆ. ಒಂದು ತುದಿ ಹಿಡಿಯೋಕೆ ನಾನೂ ಹೋಗುತ್ತಿದ್ದೇನೆ.